ನಮ್ಮೊಳಗಿನ ನಾಲ್ಕು ನೇಯ್ಗೆಗಳು

ಮನುಷ್ಯನ ದೇಹವು ಅನೇಕ ಅವಯವಗಳಿಂದಾದುದೆಂಬುದನ್ನು ಎಲ್ಲರೂ ಬಲ್ಲರು. ಆ ಅವಯವಗಳು ಯಾವುದರಿಂದಾದವೆಂದು ವಿಚಾರಿಸುವವರು ವಿರಳ. ಒಂದು ಕೆಲಸಕ್ಕಾಗಿ ಒಟ್ಟುಗೂಡಿದ ಜೀವಕೋಶಗಳ ಸಮೂಹಕ್ಕೆ ಅಂಗಾಂಶವೆನ್ನುವರು. ಫ್ರಾನ್ಸ್ ದೇಶದ ಬಿಶಾ ಎಂಬ ವೈದ್ಯನು 1801ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೂಕ್ಷ್ಮದರ್ಶಕದ ನೆರವಿಲ್ಲದೆಯೇ, ಇಂಥ 21 ಬಗೆಗಳನ್ನು ಎಣಿಸಿದನು. ಅವುಗಳಿಗೆ ಅವನು ಬಳಸಿದ ಹೆಸರಿನ ಅರ್ಥವು ನೇಯ್ದ ಬಟ್ಟೆ ಎಂದು. ಇಂದಿನ ಶಾಸ್ತ್ರವು ಮೂಲತಃ ನಾಲ್ಕೇ ಬಗೆಗಳನ್ನು ಹೇಳುತ್ತದೆ.

ದುಮ್ಮವಾಡದ ತಾಯಂದಿರಿಗೆ ಇದನ್ನು ತಿಳಿಯಲು ಕೌದಿಯೊಂದು ಸಾಕು. ಕೌದಿಯ ಮೇಲ್ಬಟ್ಟೆಯಂತಿರುವದು ಅನುಲೇಪಕ ಅಂಗಾಂಶ. ಇದು ಹೊರಗೆ ಚರ್ಮದ ಮೇಲ್ಪದರವಾಗಿಯೂ, ಒಳಗೆ ಬಾಯಿ, ಕರುಳುಗಳ ಒಳಪದರವಾಗಿಯೂ ಕಾಯುತ್ತದೆ. ಒಳಗಿನ ಪದರು ಮತ್ತು ಹೊಲಿಗೆಯಂತಿರುವದು ಸಂಯೋಜಕ ಅಂಗಾಂಶ. ಎಲುಬು, ಮೆಲ್ಲೆಲುಬು, ಕೊಬ್ಬು ಇವೆಲ್ಲ ಇದರಲ್ಲಿಯೇ ಸೇರಿವೆ. ಆದರೆ ಕೌದಿಯು ತಾನಾಗಿ ಚಲಿಸದು, ನೋವನ್ನರಿಯದು. ದೇಹಕ್ಕೆ ಚಲನೆಯನ್ನು ಕೊಡುವದು ಸ್ನಾಯು ಅಂಗಾಂಶ. ಕೈಕಾಲುಗಳಲ್ಲಿ ನಮ್ಮ ಇಚ್ಛೆಯಂತೆ, ಹೃದಯದಲ್ಲಿಯೂ ಕರುಳಿನಲ್ಲಿಯೂ ನಮ್ಮನ್ನು ಕೇಳದೆ ಅದು ದುಡಿಯುತ್ತದೆ. ಸುದ್ದಿಯನ್ನು ಒಯ್ದು ತರುವದು ನರ ಅಂಗಾಂಶ.

ಹರಿಯುವ ರಕ್ತವೂ ಸಂಯೋಜಕ ಅಂಗಾಂಶವೇ ಎಂಬುದನ್ನು ಕೇಳಿದಾಗ ನಮ್ಮ ವಿದ್ಯಾರ್ಥಿನಿಯರು ಬೆರಗಾಗುವರು. ಅದರ ಕೆಂಪು ಕಣಗಳ ಆಯುಷ್ಯವು ಸುಮಾರು 120 ದಿನ. ಎಲುಬಿನ ಮಜ್ಜೆಯಲ್ಲಿ ಹೊಸವು ಹುಟ್ಟುತ್ತಲೇ ಇರಬೇಕು. ಅದಕ್ಕೆ ಕಬ್ಬಿಣಾಂಶ ಬೇಕು. ಪ್ರಾಯಕ್ಕೆ ಬಂದ ಹುಡುಗಿಯು ತಿಂಗಳು ತಿಂಗಳು ಇದನ್ನು ಕಳೆದುಕೊಳ್ಳುವಳು. ನೂರು ಮಿಲಿಲೀಟರು ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಾದರೆ ಅದು ರಕ್ತಹೀನತೆ. ಆಗ ಪ್ರಾಣವಾಯು ಸಾಲದೆ ಸ್ನಾಯುಗಳು ಬೇಗನೆ ದಣಿಯುವವು, ಪಾಠದಲ್ಲಿ ಮನಸ್ಸು ನಿಲ್ಲದು. ಅಂಥವಳನ್ನು ಮೈಗಳ್ಳಿಯೆಂದು ಜರೆಯುವದು ಅನ್ಯಾಯವೆಂದು ನಾವು ತಿಳಿಯುತ್ತೇವೆ.

ಆದುದರಿಂದ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಬೇಡವೆನ್ನಬೇಡಿರಿ. ಅದರಿಂದ ಮಲವು ಕಪ್ಪಾದರೆ ಅಂಜಬೇಕಾಗಿಲ್ಲ, ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವದು ಕಡಿಮೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣಾಂಶವು ಮೈಗೆ ಹತ್ತುವದು ಕಡಿಮೆ. ಲಿಂಬೆಹಣ್ಣಿನ ರಸವು ಅದಕ್ಕೆ ಸಹಾಯಕ. ಎಲ್ಲಕ್ಕಿಂತ ಮುಖ್ಯವಾಗಿ, ಗಂಡುಮಕ್ಕಳು ಉಂಡು ಉಳಿದುದು ಮಗಳ ಪಾಲೆಂಬ ರೂಢಿಯನ್ನು ಬಿಡಿರಿ. ರೊಟ್ಟಿ, ಕಾಳುಪಲ್ಯ, ಸೊಪ್ಪು ಅವಳಿಗೂ ಅವರ ಜೊತೆಯಲ್ಲಿಯೇ ಸಮನಾಗಿ ಬಡಿಸಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ತಾಯಂದಿರಾದವರು ಮಗಳಿಗೆ ಬಡಿಸುವಾಗ ತಮ್ಮ ತಾಟಿಗೂ ಬಡಿಸಿಕೊಳ್ಳಲಿ. ಹಾಗಾದರೆ ಶಾಲೆಯಲ್ಲಿ ಕಲಿತ ಈ ಪಾಠವು ಸಾರ್ಥಕವಾಯಿತು.