ಸೂಜಿಯ ಉದ್ದ

ಗುಂಡಿನ ಆಯ್ಕೆ ಎಷ್ಟು ದೊಡ್ಡ ವಿಷಯ ಎಂಬುದನ್ನು ನಾನು ಕಲಿತದ್ದು ಕೆನೆತ್ ಆಂಡರ್ಸನ್ನನಿಂದ, ಅದೂ ತೇಜಸ್ವಿಯವರ ಅನುವಾದದಲ್ಲಿ. ಬೆಂಗಳೂರಿನ ಆ ಬೇಟೆಗಾರನ ಕೈಯಲ್ಲಿದ್ದದ್ದು .405 ವಿಂಚೆಸ್ಟರ್ ರೈಫಲ್. ಅದರ ಗುಂಡಿನ ತೂಕ 300 ಗ್ರೇನ್, ಅಂದರೆ ಹತ್ತೊಂಬತ್ತು ಗ್ರಾಂಗಿಂತ ತುಸು ಹೆಚ್ಚು. 1909ರಲ್ಲಿ ಆಫ್ರಿಕಕ್ಕೆ ಹೋದ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಸಿಂಹಕ್ಕೆ ಇದನ್ನೇ ಮೆಚ್ಚಿದ. ಆನೆಯ ಎದುರು ಮಾತ್ರ ಹಾಲೆಂಡ್ ಕಂಪನಿಯ ಜೋಡುನಳಿಗೆ ರೈಫಲನ್ನು ಎತ್ತಿಕೊಂಡ. ಹುಲಿ, ಚಿರತೆಗೆ ತುದಿಯಲ್ಲಿ ಸೀಸ ಬಿಟ್ಟ ಮೆತ್ತನೆಯ ಗುಂಡು ಬೇಕು, ಅದು ಒಳಹೊಕ್ಕು ಅಗಲವಾಗುತ್ತದೆ. ಆನೆ, ಕಾಟಿಗೆ ಪೂರ್ತಿ ಲೋಹ ಹೊದ್ದ ಗಟ್ಟಿ ಗುಂಡೇ ಆಗಬೇಕು, ಅದು ಎಲುಬು ದಾಟಿ ಆಳಕ್ಕೆ ಇಳಿಯುತ್ತದೆ. ಮೇಲ್ಮೈಯಲ್ಲೇ ಒಡೆದು ನಿಂತ ಗುಂಡು ಪ್ರಾಣಿಯನ್ನು ಕೆಡವುವುದಿಲ್ಲ, ಕೆರಳಿಸುತ್ತದೆ. ಇದು ನನಗೆ ಬಾಯಿಪಾಠವಾಗಿತ್ತು. ಹಾಗಿದ್ದೂ ನನ್ನ ಕೈಗೆ ಬಂದೂಕಿನಂಥದ್ದೇ ಒಂದು ಸಾಧನ ಬಂದಾಗ ನಾನದನ್ನು ನೆನೆಯಲಿಲ್ಲ.

ನಾನು ಪಶುವೈದ್ಯ. ಕುಷ್ಟಗಿ, ಯಲಬುರ್ಗಾದ ಎರಿ ಹೊಲಗಳ ಸೀಮೆಯಲ್ಲಿದ್ದಷ್ಟು ಕಾಲ ಕುರಿ, ಎತ್ತು, ಎಮ್ಮೆಗಳೇ ನನ್ನ ಲೋಕ. ಕಾಡುಪ್ರಾಣಿಯ ಸಂಬಂಧವೆಂದರೆ ತೋಳ ಹರಿದ ಕುರಿಗೆ ಹೊಲಿಗೆ ಹಾಕುವುದು. ಗಂಗಾವತಿಗೆ ಬಂದ ಮೇಲೆ ನೆಲವೇ ಬೇರೆಯಾಯಿತು. ಆನೆಗೊಂದಿಯಿಂದ ಶುರುವಾಗುವ ಬಂಡೆಗುಡ್ಡಗಳು, ಅವುಗಳ ಬುಡದವರೆಗೂ ಕಾಲುವೆ ನೀರಿನ ಭತ್ತ, ನಡುನಡುವೆ ಶೇಂಗಾ, ಬಾಳೆ. ತುಂಗಭದ್ರೆಯ ಆಚೆಗೆ 1994ರಲ್ಲಿ ದರೋಜಿ ಕರಡಿಧಾಮವಾಯಿತು. ಈಚೆಯ ಗುಡ್ಡಗಳಲ್ಲಿ ಧಾಮದ ಹೆಸರಿಲ್ಲದೆಯೂ ಕರಡಿ, ಚಿರತೆಗಳಿವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕರಡಿ ಇದೆ. ಅದನ್ನು ಹಿಡಿಯಲು, ಮಂಪರು ಬರಿಸಲು, ಬೇರೆಡೆ ಒಯ್ಯಲು ಯಾವುದಕ್ಕೂ ದಾರಿಯಿಲ್ಲವೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನದಟ್ಟಾಗುವವರೆಗೆ ಕೊಲ್ಲುವ ಮಾತೇ ಇಲ್ಲ. ಹಾಗಾಗಿ ಊರಿನ ಮಗ್ಗುಲಿಗೆ ಕರಡಿ ಬಂದು ಸಿಕ್ಕಿಕೊಂಡಾಗ ಅರಣ್ಯ ಸಿಬ್ಬಂದಿ ವೈದ್ಯರನ್ನು ಕರೆಯುತ್ತಾರೆ, ಮಂಪರು ಮದ್ದಿನ ಸೂಜಿ ಹಾರಿಸುವ ಡಾರ್ಟ್ ಗನ್ ತರಿಸುತ್ತಾರೆ.

ಹಾಗೆ ನನ್ನನ್ನು ಕರೆಸಿದ ಒಂದು ದಿನ ಕರಡಿ ಶೇಂಗಾ ಹೊಲದ ಬದುವಿಗೆ ಅಂಟಿದ ಬಂಡೆಯ ಸಂದಿಯಲ್ಲಿತ್ತು. ಸುತ್ತ ಊರೇ ನೆರೆದಿತ್ತು. ಮದ್ದಿನ ಲೆಕ್ಕದಲ್ಲಿ ನಾನು ತಪ್ಪಲಿಲ್ಲ: ಕೆ.ಜಿ.ಗೆ 5 ಮಿಲಿಗ್ರಾಂ ಕೆಟಮಿನ್, 2 ಮಿಲಿಗ್ರಾಂ ಝೈಲಜಿನ್. ಗಂಡು ಕರಡಿ, ನೂರು ಕೆ.ಜಿ. ಎಂದು ಅಂದಾಜು. ಝೈಲಜಿನ್ ದ್ರಾವಣವನ್ನು ಬೇರೆಯಾಗಿ ಸೇರಿಸಿದರೆ 5 ಮಿಲಿಲೀಟರಿನ ಡಾರ್ಟಿಗೆ ಎರಡೂ ಹಿಡಿಸುವುದಿಲ್ಲ. ಅದಕ್ಕೆ ಝೈಲಜಿನ್ ಪುಡಿಯನ್ನು ಕೆಟಮಿನ್‌ನಲ್ಲೇ ಕರಗಿಸುತ್ತಾರೆ. ಮ್ಯೂನಿಕ್‌ನ ಹೆಲ್ಲಾಬ್ರುನ್ ಮೃಗಾಲಯದಿಂದ ಬಂದ ಪದ್ಧತಿ ಅದು. ಇಷ್ಟೆಲ್ಲ ಎಚ್ಚರದಿಂದ ಮಾಡಿದವನು ಸೂಜಿಯ ಮುಂದೆ ಮಾತ್ರ ಯೋಚಿಸಲಿಲ್ಲ. ಪೆಟ್ಟಿಗೆಯಲ್ಲಿ ಉದ್ದನೆಯವೂ ಇದ್ದವು. ಚಿರತೆಗೆಂದು ಮೊದಲೇ ಜೋಡಿಸಿಟ್ಟಿದ್ದ 2 ಸೆಂಟಿಮೀಟರಿನ ಸೂಜಿಯನ್ನೇ ಹಾಕಿಬಿಟ್ಟೆ. ಜನ ಅವಸರಿಸುತ್ತಿದ್ದರು, ನಾನೂ ಅವಸರಕ್ಕೆ ಬಿದ್ದೆ.

ಡಾರ್ಟ್ ಬೆನ್ನಿನ ಮೇಲ್ಭಾಗಕ್ಕೆ ನಾಟಿತು. ಕರಡಿಯ ಮೈ ಚಿರತೆಯ ಮೈಯಲ್ಲ. ಭುಜ, ಕತ್ತಿನ ಮೇಲೆ ಗೇಣುದ್ದಕ್ಕೆ ಬೆಳೆಯುವ ಒರಟು ಕೂದಲು. ಅದರಡಿಯಲ್ಲಿ ಸಡಿಲವಾಗಿ ಜಾರುವ ತೊಗಲು. ಸ್ನಾಯು ಸಿಗುವುದು ಅದರ ಕೆಳಗೆ. ಸೂಜಿಯ ಪಕ್ಕದ ರಂಧ್ರಗಳನ್ನು ಮುಚ್ಚಿಕೊಂಡ ಪುಟ್ಟ ರಬ್ಬರ್ ಕೊಳವೆ ಚರ್ಮಕ್ಕೆ ತಾಗಿ ಹಿಂದೆ ಸರಿದಾಗ ಮದ್ದು ನುಗ್ಗುತ್ತದೆ. ಇಲ್ಲಿ ಅದು ಕೂದಲ ಒತ್ತಿಗೇ ಸರಿದಿತ್ತು. ಮದ್ದಿನ ಒಂದು ಪಾಲು ಹೊರಗೆ ಚೆಲ್ಲಿತು, ಉಳಿದದ್ದು ತೊಗಲಿನಡಿ ನಿಂತಿತು. ಹಾಗೆ ನಿಂತ ಮದ್ದು ರಕ್ತ ಸೇರುವುದು ನಿಧಾನ. ಕೂಗಾಟಕ್ಕೆ ಬೆದರಿದ ಪ್ರಾಣಿಯಲ್ಲಂತೂ ಅದರ ಬಲ ಇನ್ನೂ ಕುಗ್ಗುತ್ತದೆ.

ಸ್ವಲ್ಪ ಹೊತ್ತಿಗೆ ಕರಡಿ ತಲೆ ಕೆಳಗಿಟ್ಟಿತು. ‘ಮಕ್ಕೊಂಡೈತ್ರೀ’ ಎಂದರು ಯಾರೋ. ನಾನು ಇಲ್ಲ ಎನ್ನಬೇಕಿತ್ತು, ಕಿವಿ ಅಲುಗುತ್ತಿರುವುದು ನನಗೆ ಕಾಣುತ್ತಿತ್ತು. ‘ಹೌದು, ಬಲೆ ತರ್ರಿ’ ಎಂದೆ. ಬಲೆ ಹಿಡಿದವರ ಜೊತೆ ಆ ಹೊಲದ ರೈತನೂ ಮುಂದೆ ಬಂದ. ಕರಡಿ ಎದ್ದಿತು. ಕರಡಿ ಎದ್ದು ನಿಂತು ಎರಗಿದರೆ ಪೆಟ್ಟು ಬೀಳುವುದು ತಲೆಗೆ, ಮುಖಕ್ಕೆ. ರೈತನ ನೆತ್ತಿಯ ಚರ್ಮ ಸುಲಿದು ಹೋಯಿತು, ಒಂದು ಕಣ್ಣು ಉಳಿಯಲಿಲ್ಲ.

ಎರಡನೆಯ ಡಾರ್ಟಿಗೆ, ಉದ್ದ ಸೂಜಿಯದಕ್ಕೆ, ಕರಡಿ ನಿಜವಾಗಿ ಮಲಗಿತು. ಮೊದಲ ಡಾರ್ಟನ್ನು ಕೀಳುವಾಗ ಸುತ್ತಲಿನ ಕೂದಲು ಒದ್ದೆಯಾಗಿ ಗಂಟು ಕಟ್ಟಿತ್ತು. ನೋಡಿದೊಡನೆ ನನಗೆ ಎಲ್ಲ ತಿಳಿಯಿತು.

ಊರವರು ಕರಡಿಯನ್ನು ಬೈದರು, ನನ್ನನ್ನು ಯಾರೂ ಬೈಯಲಿಲ್ಲ. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ರೈತ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೋಗಿ ಎರಡೂ ಸೂಜಿಗಳನ್ನು ಅವನ ಅಂಗೈಯಲ್ಲಿಟ್ಟು ನಡೆದದ್ದನ್ನು ಹೇಳಿದೆ. ಅವನು ಬೆರಳಿನಿಂದ ಅಳೆದು ನೋಡಿದ. ‘ಇದೂ ನಿಮ್ಮ ಹತ್ರನಾ ಇತ್ತೇನ್ರಿ?’ ಎಂದ. ಇತ್ತು ಎಂದೆ. ಅವನ ಹೆಂಡತಿ ಎದ್ದು ಒಳಗೆ ಹೋದಳು. ಕ್ಷಮೆ ಕೇಳಿದೆ, ಅವನು ಉತ್ತರ ಕೊಡಲಿಲ್ಲ, ಕೊಡಬೇಕಾದ ಸಾಲವೂ ಅವನ ಮೇಲಿರಲಿಲ್ಲ.

ಈಗ ಕರಡಿಯ ಕರೆ ಬಂದರೆ ಮೊದಲು ಹಳೆ ಜೋಡಣೆಗಳನ್ನೆಲ್ಲ ಬಿಚ್ಚುತ್ತೇನೆ. ಸೂಜಿ 4 ಸೆಂಟಿಮೀಟರಿನದು. ಗುರಿ ಭುಜದ ಅಥವಾ ತೊಡೆಯ ದಪ್ಪ ಸ್ನಾಯು, ನೇರ ಕೋನ ಸಿಗುವವರೆಗೆ ಕಾಯುತ್ತೇನೆ. ಗಾಳಿಯ ಒತ್ತಡವನ್ನು ದೂರಕ್ಕೆ ತಕ್ಕಷ್ಟೇ ಇಡುತ್ತೇನೆ, ಹೆಚ್ಚಾದರೆ ಡಾರ್ಟೇ ಎಲುಬು ಮುರಿಯಬಲ್ಲದು. ಎರಡನೆಯದು ತುಂಬಿ ಪಕ್ಕದಲ್ಲಿರುತ್ತದೆ. ಪೊಲೀಸರು ಜನರನ್ನು ಹೊಲ ದಾಟಿಸುವ ತನಕ ಗನ್ ಎತ್ತುವುದಿಲ್ಲ, ಯಾರು ಎಷ್ಟೇ ಬೈಯಲಿ. ಪ್ರಾಣಿ ಬಿದ್ದ ಮೇಲೆ ಉದ್ದನೆಯ ಕೋಲಿನಿಂದ ಕಿವಿ ಮುಟ್ಟುತ್ತೇನೆ. ಅಲುಗಿದರೆ ಎಲ್ಲರೂ ಹಿಂದಕ್ಕೆ. ಅಲುಗದಿದ್ದರೂ ಮೊದಲು ಹತ್ತಿರ ಹೋಗುವವನು ನಾನೇ.