ಈ ಬಳ್ಳಿ ಯಾವುದು?

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರು ಕೇಳಿದಾಗ, ಬರೆಯುವುದಕ್ಕೆ ನನ್ನಲ್ಲಿ ಏನಿದೆಯೆಂದು ಮೊದಲು ಹಿಂಜರಿದೆನು. ನಾನು ಪಂಡಿತಳಲ್ಲ, ಪರದೇಶಗಳನ್ನು ಸುತ್ತಿ ಬಂದವಳೂ ಅಲ್ಲ. ಒಂಟಿಕೊಪ್ಪಲಿನ ಒಂದು ಹಳೆಯ ಮನೆಯ ನಡುಮನೆಯಲ್ಲಿ ಕುಳಿತು, ಕೈಕಾಗದದ ಪುಸ್ತಕಗಳಿಗೂ ಪೆಟ್ಟಿಗೆಗಳಿಗೂ ಹೊದಿಕೆಯ ನಮೂನೆಗಳನ್ನು ಬರೆಯುವುದು, ಅವೇ ನಮೂನೆಗಳನ್ನು ಮರದ ಅಚ್ಚಿನಿಂದ ಬಟ್ಟೆಯ ಮೇಲೆ ಒತ್ತುವುದು, ಇಷ್ಟೇ ನನ್ನ ಕಸುಬು. ಆದರೆ ಈ ಕಸುಬಿನ ಬೇರು ನಮ್ಮ ಶಾಲೆಯ ಹೊಲಿಗೆಯ ಕೊಠಡಿಯಲ್ಲಿ ನಡೆದ ಒಂದು ಸಂಗತಿಯಲ್ಲಿದೆ. ಅದನ್ನು ಇದುವರೆಗೆ ಯಾರಿಗೂ ಹೇಳಿದವಳಲ್ಲ. ಹೇಳಬೇಕಾದ ಸ್ಥಳ ಇದೇ ಎಂದು ತೋರಿದುದರಿಂದ ಬರೆಯುತ್ತಿದ್ದೇನೆ.

ಆಗ ನಾನು ಎಂಟನೆಯ ತರಗತಿಯಲ್ಲಿದ್ದೆನು. ವರ್ಷಕ್ಕೊಮ್ಮೆ ಕೈಕೆಲಸದ ಪ್ರದರ್ಶನವಾಗುತ್ತಿದ್ದುದು ಹಳಬರಿಗೆಲ್ಲ ನೆನಪಿರಬಹುದು. ಹುಡುಗಿಯರು ಹೊಲಿದ ಮೇಜುಬಟ್ಟೆ, ದಿಂಬಿನ ಗವಸು, ಕರವಸ್ತ್ರಗಳನ್ನು ಉದ್ದನೆಯ ಬೆಂಚುಗಳ ಮೇಲೆ ಹರಡಿಡುತ್ತಿದ್ದರು. ನೋಡಬಂದ ತಾಯ್ತಂದೆಗಳು ಬೆಲೆಕೊಟ್ಟು ಕೊಳ್ಳುತ್ತಿದ್ದರು. ಬಂದ ಹಣ ಬಡ ವಿದ್ಯಾರ್ಥಿನಿಯರ ನಿಧಿಗೆ ಸೇರುತ್ತಿತ್ತು. ಆ ವರ್ಷ ಸ್ವಂತ ನಮೂನೆಗೆ ಬೇರೆಯಾಗಿ ಒಂದು ಬಹುಮಾನವುಂಟೆಂದು ಸಾರಿದರು. ನನಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು, ನಮೂನೆ ಬರುತ್ತಿರಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ಸೂಜಿದಾರ ಇಡುತ್ತಿದ್ದ ಒಂದು ವಿಲಾಯತಿ ಬಿಸ್ಕತ್ತಿನ ಡಬ್ಬವಿತ್ತು. ಅದರ ಮುಚ್ಚಳದ ಸುತ್ತ ಸೊಗಸಾದ ಒಂದು ಬಳ್ಳಿ. ಎಣ್ಣೆಕಾಗದವನ್ನು ಅದರ ಮೇಲಿಟ್ಟು ಬಳ್ಳಿಯನ್ನು ಇಳಿಸಿಕೊಂಡೆನು. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಹತ್ತಿಯಿಂದ ಒರೆಸಿ ಬಟ್ಟೆಗೆ ದಾಟಿಸಿ, ಒಂದು ತಿಂಗಳು ಕುಳಿತು ಹೊಲಿದೆನು.

ಬಹುಮಾನ ನನಗೇ ಬಂದಿತು. ಬೆಲೆಯ ಚೀಟಿ ಕಟ್ಟುವುದಕ್ಕೆಂದು ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ಆ ಬಟ್ಟೆಯನ್ನು ಕೈಗೆತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಈ ಬಳ್ಳಿ ಯಾವುದಮ್ಮಾ?" ಎಂದು ಕೇಳಿದರು. ಅದರ ಎಲೆ ಐದು ಮೊನೆಯದು, ಹೂವು ಗಂಟೆಯಂತೆ, ಕಾಯಿ ದ್ರಾಕ್ಷಿಯಂತೆ ಗೊಂಚಲು. ಅಂತಹ ಬಳ್ಳಿಯನ್ನು ನಾನು ಮೈಸೂರಿನಲ್ಲಾಗಲಿ ನಮ್ಮ ಹಳ್ಳಿಯ ಬೇಲಿಯಲ್ಲಾಗಲಿ ಕಂಡಿರಲಿಲ್ಲ. "ಗೊತ್ತಿಲ್ಲ, ಟೀಚರ್" ಎಂದೆನು. ಅವರು ಏನೂ ಹೇಳದೆ ಚೀಟಿ ಕಟ್ಟಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಮದುವೆಯಾಗಿ ಒಂಟಿಕೊಪ್ಪಲಿಗೆ ಬಂದೆನು. ಈ ಬಡಾವಣೆಯ ಹೆಸರು ಪಂಚಾಂಗವೊಂದರ ಮೂಲಕ ನಾಡಿನ ಮನೆಮನೆಗೂ ಹೋಗಿರುವುದಷ್ಟೆ. ಕಾಗದದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಶಕುನ ಬೇಡವೆಂದು ನಮ್ಮ ಮನೆಯವರು ನಗುತ್ತಿದ್ದರು. ಹತ್ತಿಬಟ್ಟೆಯ ಚೂರುಗಳನ್ನು ಅರೆದು ಮಾಡಿದ ಕೈಕಾಗದವನ್ನು ತರಿಸಿ, ಲೆಕ್ಕದ ಪುಸ್ತಕಗಳಿಗೆ ರಟ್ಟು ಕಟ್ಟಿ ಮಾರತೊಡಗಿದೆನು. ಬರಿಯ ಕಾಗದ ಹೊದಿಸಿದ ಪುಸ್ತಕಗಳನ್ನು ಯಾರೂ ಕೇಳಲಿಲ್ಲ. ಹೂವೋ ಬಳ್ಳಿಯೋ ಇರಬೇಕು ಎಂದರು. ಮತ್ತೆ ಅದೇ ಪ್ರಶ್ನೆಯ ಮುಂದೆ ನಿಂತೆನು.

ಶಾಲೆಯ ಬೈಬಲ್ ತರಗತಿಯಲ್ಲಿ ವಿಮೋಚನಕಾಂಡವನ್ನು ಓದಿಸಿದಾಗ, ಬೆಚಲೇಲನೆಂಬ ಕುಶಲ ಕೆಲಸಗಾರನಿಗೆ ವಿನ್ಯಾಸದ ಬುದ್ಧಿಯನ್ನು ದೇವರೇ ಕೊಟ್ಟನೆಂದು ಹೇಳಿದ್ದರು. ಆಗ ಅದು ನನಗೆ ಅಷ್ಟಾಗಿ ತಟ್ಟಿರಲಿಲ್ಲ. ಮಹಾಯಾಜಕನ ನಿಲುವಂಗಿಯ ಅಂಚು ಮಾತ್ರ ಮನಸ್ಸಿನಲ್ಲಿ ಉಳಿದಿತ್ತು: ಒಂದು ದಾಳಿಂಬೆ, ಒಂದು ಚಿನ್ನದ ಗೆಜ್ಜೆ, ಮತ್ತೆ ದಾಳಿಂಬೆ, ಮತ್ತೆ ಗೆಜ್ಜೆ, ಹೀಗೆ ಸುತ್ತಲೂ. ಮರುಭೂಮಿಯಲ್ಲಿ ಅಲೆಯುತ್ತಿದ್ದವರು ಅಂಚಿಗೆ ಹಾಕಿದುದು ತಾವು ಬಲ್ಲ ಹಣ್ಣನ್ನೇ. ಹಾಗಾದರೆ ನಾನು ಬಲ್ಲ ಹಣ್ಣು ಯಾವುದು? ನಮ್ಮ ಬೀದಿಯ ತುಂಬ ಹೊಂಗೆಯ ಮರಗಳು. ಬೇಸಗೆಯಲ್ಲಿ ಅವುಗಳ ಹೂವು ನೆಲದ ಮೇಲೆ ನರುಗೆಂಪಾಗಿ ಹಾಸಿಕೊಳ್ಳುತ್ತದೆ. ನಾನು ಅದನ್ನು ಗುಡಿಸಿ ಎಸೆಯುತ್ತಿದ್ದೆನೇ ಹೊರತು ನೋಡಿರಲಿಲ್ಲ. ಒಂದು ಕೊಂಬೆಯನ್ನು ಮುರಿದು ತಂದು ಮುಂದಿಟ್ಟುಕೊಂಡೆನು. ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಕುಳಿತು ತುದಿಯಲ್ಲಿ ಒಂಟಿಯಾಗಿ ಒಂದೆಲೆ ಬರುವುದೂ, ಕಾಯಿ ಚಪ್ಪಟೆಯಾಗಿ ಕೊನೆಗೆ ಸಣ್ಣ ಕೊಕ್ಕಿನಂತೆ ಬಾಗುವುದೂ ಆ ದಿನ ತಿಳಿಯಿತು.

ಒಂದು ಕಾಯಿಯನ್ನು ಅಂದವಾಗಿ ಬರೆಯುವುದು ಚಿತ್ರಗಾರರ ಕೆಲಸ. ಅದನ್ನೇ ನೂರು ಸಲ ಇಟ್ಟರೂ ಕಣ್ಣಿಗೆ ಬೇಸರವಾಗದಂತೆ ಇಡುವುದು ನಮೂನೆಯವರ ಕೆಲಸ. ಇದರ ಕಷ್ಟ ಮಾಡಿದವರಿಗೇ ಗೊತ್ತು. ನಮ್ಮ ಊರಿನಲ್ಲಿಯೇ ಇದಕ್ಕೆ ಗುರುಗಳಾಗಬಲ್ಲವರು ಹಿಂದೆ ಇದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಎಲೆಗಳ ಆಟದಲ್ಲಿ ಬಹಳ ಆಸಕ್ತರು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಇಂತಹ ಆಟಗಳ 13 ಬಗೆಗಳು ಬಂದಿವೆ. ದಶಾವತಾರ ಗಂಜೀಫಾದಲ್ಲಿ 10 ರಂಗು, ಒಂದೊಂದರಲ್ಲಿ 12 ಎಲೆ, ಒಟ್ಟು 120. ರಾಜನನ್ನೂ ಮಂತ್ರಿಯನ್ನೂ ಬಿಟ್ಟರೆ ಉಳಿದ ಹತ್ತು ಎಲೆಗಳಲ್ಲಿ ಅದೇ ಗುರುತು ಒಂದರಿಂದ ಹತ್ತರವರೆಗೆ ಏರುತ್ತ ಹೋಗಬೇಕು. ಅಂಗೈಯಗಲದ ಜಾಗದಲ್ಲಿ ಏಳು ಗುರುತುಗಳನ್ನೂ ಎಂಟು ಗುರುತುಗಳನ್ನೂ ಆಡುವವನು ಎಣಿಸದೆಯೇ ಗುರುತಿಸುವಂತೆ ಇಡುವುದು ಸಾಮಾನ್ಯವಾದ ಕೌಶಲವಲ್ಲ. ಒಂದು ಹಳೆಯ ಎಲೆಯನ್ನು ನೋಡುತ್ತ ನಿಂತಾಗ, ಬರೆದವನು ಗುರುತಿಗಿಂತ ಗುರುತುಗಳ ನಡುವಣ ಬಯಲನ್ನೇ ಹೆಚ್ಚಾಗಿ ಯೋಚಿಸಿದ್ದಾನೆಂದು ನನಗೆ ಹೊಳೆಯಿತು.

ಅಂಚು ಕೂಡುವ ಉಪಾಯವನ್ನು ಇಲ್ಲಿ ಹೇಳಿಬಿಡುತ್ತೇನೆ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಮಾಡಿಸಿ ನೋಡಬಹುದು. ಚೌಕನೆಯ ಕಾಗದದ ನಡುವೆ, ಅಂಚಿಗೆ ತಗಲದಂತೆ, ಚಿತ್ರವನ್ನು ಬರೆಯಬೇಕು. ಕಾಗದವನ್ನು ನಿಲುವಾಗಿ ಒಮ್ಮೆ, ಅಡ್ಡಲಾಗಿ ಒಮ್ಮೆ ಕತ್ತರಿಸಿ ನಾಲ್ಕು ತುಂಡು ಮಾಡಿ, ಎದುರು ಮೂಲೆಯ ತುಂಡುಗಳನ್ನು ಒಂದಕ್ಕೊಂದು ಅದಲುಬದಲು ಮಾಡಿ ಅಂಟಿಸಬೇಕು. ಹಿಂದೆ ಹೊರಗಿದ್ದ ಅಂಚುಗಳು ಈಗ ನಡುವಿಗೆ ಬಂದಿರುತ್ತವೆ. ನಡುವೆ ಬರಿದಾಗಿ ಕಾಣುವ ಜಾಗವನ್ನು ತುಂಬಿದರೆ ತೀರಿತು. ಆ ಚೌಕವನ್ನು ಎಷ್ಟು ಸಲ ಪಕ್ಕಪಕ್ಕದಲ್ಲಿಟ್ಟರೂ ಬಳ್ಳಿ ತುಂಡಾಗುವುದಿಲ್ಲ.

ನಾನು ಹೀಗೆಯೇ ಮಾಡಿ, ಹದಿನಾರು ಚೌಕಗಳನ್ನು ಜೋಡಿಸಿ ಗೋಡೆಗೆ ಅಂಟಿಸಿ ದೂರ ನಿಂತು ನೋಡಿದೆನು. ಹೊಂಗೆಯ ಕಾಯಿಗಳು ಸಿಪಾಯಿಗಳಂತೆ ಸಾಲುಗಟ್ಟಿ ನಿಂತಿದ್ದವು. ಸಾಲುಸಾಲಿನ ನಡುವೆ ಮೇಲಿನಿಂದ ಕೆಳಕ್ಕೆ ಬಿಳಿಯ ಓಣಿಗಳು. ಒಂದು ವಾರ ತಿದ್ದಿದರೂ ಓಣಿ ಹೋಗಲಿಲ್ಲ. ಒಂದು ಬೆಳಗ್ಗೆ ಅಂಗಳಕ್ಕೆ ರಂಗೋಲಿ ಹಾಕಿ ಒಳಗೆ ಬಂದ ಅತ್ತೆಯವರು ಕೈ ಒರೆಸಿಕೊಳ್ಳುತ್ತ ಗೋಡೆಯನ್ನು ನೋಡಿ, "ನೀನು ನೇರಚುಕ್ಕಿ ಇಟ್ಟಿದ್ದೀಯೆ ಕಣಮ್ಮ, ಸಂದುಚುಕ್ಕಿ ಇಡು" ಎಂದು ಹೇಳಿ ಅಡಿಗೆಮನೆಗೆ ಹೋದರು. ಹದಿನೈದು ಚುಕ್ಕಿಯಿಂದ ಎಂಟಕ್ಕೆ ಇಳಿಯುವ ರಂಗೋಲಿಯಲ್ಲಿ ಒಂದು ಸಾಲಿನ ಚುಕ್ಕಿ ಇನ್ನೊಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬೀಳುವುದಲ್ಲವೆ? ಎರಡನೆಯ ಸಾಲನ್ನು ಅರ್ಧ ಚೌಕ ಸರಿಸಿ ಅಂಟಿಸಿದೆನು. ಓಣಿಗಳು ಮಾಯವಾದವು. ಇಷ್ಟನ್ನು ನಾನು ಚಿಕ್ಕಂದಿನಿಂದ ಪ್ರತಿದಿನವೂ ತುಳಿದುಕೊಂಡು ಶಾಲೆಗೆ ಹೋಗಿದ್ದೆನು.

ಅಚ್ಚು ಕೆತ್ತುವವರು ತೇಗದ ಹಲಗೆಯನ್ನು ಒಪ್ಪಿಸಿದ ಮೇಲೆ ಬೇರೆ ಪಾಠಗಳು ಮೊದಲಾದವು. ಕೈಕಾಗದದ ಅಂಚು ನೇರವಾಗಿರುವುದಿಲ್ಲ; ಅಂಚಿನುದ್ದಕ್ಕೂ ನೇರಗೆರೆ ಎಳೆದರೆ ಕಾಗದದ ವಕ್ರತೆಯೆಲ್ಲ ಎದ್ದುಕಾಣುತ್ತದೆ. ಗೋಂದು ಹಚ್ಚಿದೊಡನೆ ಕಾಗದ ಹಿಗ್ಗಿ, ಬೆನ್ನಿನ ಬಳಿ ಕೂಡಬೇಕಾದ ಗೆರೆಗಳು ಕೂಡದೆ ಹೋಗುತ್ತವೆ. ಆದುದರಿಂದ ಕಾಗದಕ್ಕೆ ಎಲೆಕಾಯಿಗಳನ್ನು ಚೆಲ್ಲಿದಂತೆ ಬರೆದುದೇ ಮೇಲು. ಬಟ್ಟೆಯ ಮಾತು ಬೇರೆ. ಮೇಜಿನ ಮೇಲೆ ಹರಡಿದಾಗ ಚೆಲುವಾಗಿದ್ದ ಸಣ್ಣ ನಮೂನೆ ಉಟ್ಟಾಗ ನೆರಿಗೆಗಳಲ್ಲಿ ಅಡಗಿಹೋಗುತ್ತದೆ. ನನ್ನ ಮೊದಲ ಸೀರೆಯನ್ನು ಉಟ್ಟವರು ದೂರದಿಂದ ಬರುವಾಗ ಸೀರೆಗೆ ಧೂಳು ಹತ್ತಿದಂತೆ ಕಾಣುತ್ತಿತ್ತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಎಲ್ಲವನ್ನೂ ನಾವೇ ಹುಟ್ಟಿಸಬೇಕೆಂದು ನಾನು ಹೇಳುವವಳಲ್ಲ. ಇಳಕಲ್ ಸೀರೆಯ ಸೆರಗಿನ ತೋಪುತೆನೆ ಯಾರೊಬ್ಬರದೂ ಅಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಬಟ್ಟೆಯ ಎಳೆ ಎಣಿಸಿಯೇ ಹೊಲಿಯುತ್ತಾರೆ. ಗೆರೆ ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಒಳಮೈಯೂ ಹೊರಮೈಯೂ ಒಂದೇ. ತಾಯಿಯಿಂದ ಮಗಳಿಗೆ ಬಂದ ಆನೆಯನ್ನು ಹೊಲಿದವಳನ್ನು ಯಾರೂ ಕಳ್ಳಿ ಎನ್ನುವುದಿಲ್ಲ. ಅದು ಕಸೂತಿಯ ಆನೆಯೆಂದು ಅವಳೇ ಹೇಳುತ್ತಾಳೆ. ಹೊಸ ನಮೂನೆಯ ಸಂಗತಿ ಹಾಗಲ್ಲ. 2000ನೆಯ ಇಸವಿಯ ವಿನ್ಯಾಸಗಳ ಕಾಯಿದೆಯಂತೆ ಅದನ್ನು ದಾಖಲು ಮಾಡಿಸಿದವರಿಗೆ 10 ವರ್ಷ, ಕೇಳಿಕೊಂಡರೆ ಇನ್ನೂ 5 ವರ್ಷ ಹಕ್ಕು ಇರುತ್ತದೆ. ಆದರೆ ಮನೆಯಲ್ಲಿ ಕುಳಿತು ಬರೆಯುವ ನಮ್ಮಂತಹ ಹೆಂಗಸರಲ್ಲಿ ಕಚೇರಿಗೆ ಹೋಗಿ ದಾಖಲು ಮಾಡಿಸುವವರು ಎಷ್ಟು ಮಂದಿ?

ಇದು ಬರಿಯ ಮಾತಾಗಿ ಉಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ವರ್ತಕರು ಮನೆಗೆ ಬಂದು, ಮದುವೆಯೊಂದಕ್ಕೆ 300 ಕಾಗದದ ಪೆಟ್ಟಿಗೆಗಳು ಬೇಕೆಂದರು. ಮುಂಗಡವನ್ನೂ ತಂದಿದ್ದರು. ನಮೂನೆಯನ್ನು ತಮ್ಮ ಮೊಬೈಲ್ ಫೋನಿನಲ್ಲಿ ತೋರಿಸಿದರು. ಬೇರೆ ಊರಿನಲ್ಲಿ ನನ್ನಂತೆಯೇ ಕೆಲಸ ಮಾಡುವ ಒಬ್ಬ ಹೆಣ್ಣುಮಗಳದು ಅದು, ನೋಡಿದೊಡನೆ ಗುರುತಿಸಿದೆನು. ಹಾಗೆಂದು ಹೇಳಿದೆನು. "ಬಣ್ಣ ಬದಲಾಯಿಸಿದರೆ ಯಾರಿಗಮ್ಮ ಗೊತ್ತಾಗುತ್ತೆ?" ಎಂದರು. ಆ ವರ್ಷ ನಮ್ಮ ಮನೆಯ ಹೆಂಚು ಬದಲಾಯಿಸಬೇಕಾಗಿತ್ತು. ಮಳೆಗಾಲ ಹತ್ತಿರ ಬಂದಿತ್ತು. ಆ ಮುಂಗಡ ಹೆಂಚಿಗೆ ಸರಿಹೋಗುತ್ತಿತ್ತು. ನಾನು ಬಹಳ ಹೊತ್ತು ಆ ಚಿತ್ರವನ್ನೇ ನೋಡಿದೆನು. ಅದರಲ್ಲಿದ್ದುದು ಯಾವ ಬಳ್ಳಿಯೆಂದು ಬರೆದವಳಿಗೆ ಗೊತ್ತಿತ್ತು; ಕುಡಿ ತಿರುಗಿದ ಬಗೆಯಲ್ಲಿಯೇ ಅದು ಕಾಣುತ್ತಿತ್ತು. ನನ್ನ ಹೊಂಗೆಯನ್ನು ತೋರಿಸಿ, ಇದನ್ನಾದರೆ ಮಾಡಿಕೊಡುವೆನೆಂದೆನು. ಅವರು ಒಂದು ವಾರ ಯೋಚಿಸಿ, ಹೊಂಗೆಕಾಯಿ ಮದುವೆಗೆ ಒಪ್ಪುವುದಿಲ್ಲವೆಂದು ಹೇಳಿಕಳುಹಿಸಿದರು. ಆ ಮಳೆಗಾಲವನ್ನು ನಡುಮನೆಯಲ್ಲಿ ಎರಡು ಬಕೆಟ್ಟುಗಳನ್ನಿಟ್ಟು ಕಳೆದೆವು. ಅತ್ತೆಯವರು ಏನೂ ಅನ್ನಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ಈಗಿಲ್ಲ. ಆ ಮೇಜುಬಟ್ಟೆಯನ್ನು ಪ್ರದರ್ಶನದ ದಿನವೇ ಯಾರೋ ಪೋಷಕರು ಕೊಂಡುಕೊಂಡರು. ಯಾರೆಂದು ನಾನು ನೋಡಲಿಲ್ಲ. ಈ ಸಂಚಿಕೆ ನಿಮ್ಮ ಮನೆಗಳಿಗೆ ಬರುವುದರಿಂದ ಒಂದು ಬಿನ್ನಹ. ಯಾರ ಪೆಟ್ಟಿಗೆಯಲ್ಲಾದರೂ ಬಿಳಿಯ ಬಟ್ಟೆಯ ಮೇಲೆ ನೀಲಿದಾರದ ಬಳ್ಳಿಯಿದ್ದು, ಎಲೆ ಐದು ಮೊನೆಯದಾಗಿ, ಹೂ ಗಂಟೆಯಂತೆ, ಕಾಯಿ ಗೊಂಚಲಾಗಿ ಇದ್ದರೆ, ಅದರ ಒಂದು ಮೂಲೆಯಲ್ಲಿ ಕಾಫಿಬಣ್ಣದ ದಾರದಿಂದ ನನ್ನ ಹೆಸರಿನ ಮೊದಲಕ್ಷರವನ್ನು ಹೊಲಿದಿರುವುದು ಕಾಣುತ್ತದೆ. ಬಟ್ಟೆಯನ್ನು ಸಂತೋಷವಾಗಿ ಇಟ್ಟುಕೊಳ್ಳಿ. ಆ ಅಕ್ಷರವೊಂದನ್ನು ದಯವಿಟ್ಟು ಬಿಚ್ಚಿಬಿಡಿ. ಅವಸರದಲ್ಲಿ ಹಾಕಿದ ಹೊಲಿಗೆ; ಸೂಜಿಯ ಮೊನೆಯಿಂದ ಎತ್ತಿದರೆ ಬರುತ್ತದೆ.