ಅಟ್ಟದ ಕಾಯಿ, ಆಕಾಶದ ಮಿಡಿತ

ತಿಪಟೂರಿನ ನಮ್ಮ ಮನೆಯ ಅಟ್ಟದಲ್ಲಿ ತೆಂಗಿನಕಾಯಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಒಡೆಯದೆಯೇ ಒಳಗನ್ನು ಅರಿಯುವ ವಿದ್ಯೆ ಅಪ್ಪನದು. ಕಿವಿಯ ಬಳಿ ಹಿಡಿದು ಅಲುಗಾಡಿಸುವರು. ನೀರಿಂಗಿ ಗಿಟುಕು ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಸದ್ದು. ಕಾಲೇಜು ಮೆಟ್ಟಿಲು ಹತ್ತಿದ ನಾವು ಅದನ್ನು ವಿಜ್ಞಾನವೆಂದು ಒಪ್ಪಲಿಲ್ಲ.

ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ 1970ರಲ್ಲಿ ಮಾಡಿದ್ದೂ ಇಂಥದೇ ಕೆಲಸವೆಂದು ತಿಳಿದದ್ದು ಬಹಳ ತಡವಾಗಿ. ದ್ರವ್ಯರಾಶಿ ದೇಶಕಾಲವನ್ನೇ ಬಾಗಿಸುತ್ತದೆ, ಆ ಬಾಗೇ ಗುರುತ್ವ ಎಂದವರು ಐನ್‌ಸ್ಟೈನ್, 1915ರಲ್ಲಿ. ಬಾಗು ಮಿತಿಮೀರಿದರೆ ಕಪ್ಪುಕುಳಿ. ಅಲ್ಲಿಂದ ಬೆಳಕೂ ಹೊರಬಾರದು. ಅದಕ್ಕೆ ಗುರುತ್ವದ ಅಲೆಯೊಂದು ಬಡಿದರೆ ಏನಾದೀತು? ವಿಶ್ವೇಶ್ವರ ಲೆಕ್ಕ ಹಾಕಿದರು. ಬಡಿದ ಗಂಟೆಯಂತೆ ಅದು ಮಿಡಿದು ಬೇಗನೆ ಸುಮ್ಮನಾಗುತ್ತದೆ. ಕುಳಿಯ ರಾಶಿ ಎಷ್ಟೆಂಬುದನ್ನು ಆ ಮಿಡಿತವೇ ಹೇಳುತ್ತದೆ. 2015ರಲ್ಲಿ ಅಮೆರಿಕದ ಲೈಗೋ, ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆಯನ್ನು ಹಿಡಿಯಿತು. ಅದರ ಕೊನೆಯಲ್ಲಿ ಅಂಥದೇ ಮಿಡಿತವಿತ್ತು. 2017ರಲ್ಲಿ ತೀರಿಕೊಂಡ ವಿಶ್ವೇಶ್ವರ ಆ ಸುದ್ದಿ ಕೇಳಿಯೇ ಹೋದರು.

ಆದರೆ ಕುಳಿಯ ಒಳಗಿನ ಕೊನೆ? ಕುಸಿತ ಒಂದು ಹಂತ ದಾಟಿದರೆ ಸಿಂಗ್ಯುಲಾರಿಟಿ ತಪ್ಪದೆಂದು ಪೆನ್‌ರೋಸ್ 1965ರಲ್ಲಿ ತೋರಿಸಿದರು. ಅಲ್ಲಿ ಐನ್‌ಸ್ಟೈನರ ಸಮೀಕರಣಗಳೇ ಕೈಚೆಲ್ಲುತ್ತವೆ.

ಅಪ್ಪನೂ ಕೆಲವು ಕಾಯಿಗಳನ್ನು ಪಕ್ಕಕ್ಕಿಟ್ಟು, "ಇದು ಗೊತ್ತಾಗ್ತಿಲ್ಲ ಕಣಪ್ಪ" ಎನ್ನುತ್ತಿದ್ದರು. ಓದಿಲ್ಲದವರ ಮಾತೆಂದು ನಾವು ನಕ್ಕಿದ್ದೆವು. ಈಗ ಅಪ್ಪ ಇಲ್ಲ. ಅಟ್ಟ ಹತ್ತಿ ಕಾಯಿಯನ್ನು ಕಿವಿಗೆ ಹಿಡಿದಾಗ, ಅಂದು ನಕ್ಕದ್ದಕ್ಕೆ ನಾಚಿಕೆಯಾಗುತ್ತದೆ. ಕೇಳಿಸಿದ್ದನ್ನಷ್ಟೇ ಹೇಳಿ, ಕೇಳಿಸದ್ದನ್ನು ಪಕ್ಕಕ್ಕಿಡುವ ಆ ಪ್ರಾಮಾಣಿಕತೆ ನಮಗೆ ಯಾವ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.